ಗುವೊ ಬಾಗಿಲು ಕೂರಿಸಿದ ವರ್ಷ

ಹೋದ ತಿಂಗಳು ಒಂದು ಶನಿವಾರ, ನಾವು ಈಗಿರುವ ಏಪೆಕ್ಸ್ ಊರಿನ ಇಂಡಿಯನ್ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಕೊತ್ತಂಬರಿ, ಮೆಂತ್ಯದ ಕಟ್ಟುಗಳನ್ನು ಕಾರಿಗೆ ತುಂಬುತ್ತಿದ್ದೆ. ಬೆನ್ನ ಹಿಂದೆ ಒಂದು ಬಾಗಿಲು ಜಾರಿ ಮುಚ್ಚಿಕೊಂಡ ಸದ್ದಾಯಿತು. ಮೊದಲು ಸರ್ರನೆ ಒಂದು ಉದ್ದ ಎಳೆತ, ಕೊನೆಗೆ ಒಂದೇ ಒಂದು ಗಟ್ಟಿಯಾದ ಟಪ್. ತಿರುಗಿ ನೋಡುವ ಮೊದಲೇ ಅದು ಯಾವ ಗಾಡಿ ಎಂದು ಗೊತ್ತಾಗಿಹೋಯಿತು. ಹೂವಿನ ಅಂಗಡಿಯವರ ಬಿಳಿ ಪುಟ್ಟ ವ್ಯಾನು. ಮೂತಿಯೇ ಇಲ್ಲದ ಚಪ್ಪಟೆ ಮುಖ, ಚಿಕ್ಕ ಚಿಕ್ಕ ಚಕ್ರ. ಅಕ್ಕಪಕ್ಕದಲ್ಲಿ ನಿಂತಿದ್ದ ಪಿಕಪ್ ಟ್ರಕ್ಕುಗಳ ಮುಂದೆ ಅದು ದೊಡ್ಡವರ ಮದುವೆಮನೆಗೆ ಕರೆಯದೆ ಬಂದ ನೆಂಟನ ಹಾಗೆ ಮುದುರಿಕೊಂಡಿತ್ತು. ನಾನು ಹತ್ತಿರ ಹೋಗಿ ಬಾಗಿಲಿನ ಅಂಚನ್ನು ಕೈಯಿಂದ ಸವರಿದೆ. ಹೂವಿನ ಬಕೆಟ್ ಹಿಡಿದಿದ್ದ ಡ್ರೈವರ್ ಹುಡುಗಿ ಏನು ಬೇಕಿತ್ತು ಎಂದು ಕೇಳಿದಳು. ಏನಿಲ್ಲ ಎಂದು ಹೇಳಿ ಬಂದು ಕಾರಿನಲ್ಲಿ ಕೂತೆ. ಹೆಂಡತಿ ತರಲು ಹೇಳಿದ್ದ ಮೊಸರನ್ನು ಮರೆತೇ ಮನೆಗೆ ಹೋದೆ.

ಆ ಬಾಗಿಲನ್ನು ಕೂರಿಸಿದವರು ಗುವೊ. ಆ ಮನುಷ್ಯನಿಗೆ ನಾನು ಮಾಡಿದ ಅನ್ಯಾಯವನ್ನು ಇಷ್ಟು ದಿನ ಬರೆಯಲು ಧೈರ್ಯ ಬಂದಿರಲಿಲ್ಲ.

ಅದು ೨೦೨೨. ಆಗ ನಾವು ಜಾರ್ಜಿಯಾದ ಲಾರೆನ್ಸ್‌ವಿಲ್‌ನಲ್ಲಿದ್ದೆವು. ನಾನು, ಹೆಂಡತಿ ಸುಮಾ, ಒಂಬತ್ತು ವರ್ಷದ ಮಗಳು ಅನು. ಸುತ್ತಲಿನ ಕನ್ನಡಿಗರೆಲ್ಲ ಪೈಜಾಮದಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಕೆಲಸ ಮಾಡುತ್ತಿದ್ದ ಕಾಲದಲ್ಲಿ ನಾನೊಬ್ಬ ದಿನಾ ಬೆಳಗ್ಗೆ ದಪ್ಪ ಬೂಟು ಹಾಕಿಕೊಂಡು ಒಂದು ಗೋದಾಮಿಗೆ ಹೋಗುತ್ತಿದ್ದೆ. ಕನ್ನಡ ಕೂಟದ ಪಿಕ್‌ನಿಕ್ಕಿನಲ್ಲಿ ಗೆಳೆಯರು ಕಾಲೆಳೆಯುತ್ತಿದ್ದರು: "ಏನೋ ಶ್ರೀಕಂಠ, ಊರಲ್ಲೆಲ್ಲಾ ಕ್ಲೌಡ್ ಕ್ಲೌಡ್ ಅಂತಿದ್ರೆ ನೀನು ಇನ್ನೂ ಸ್ಪ್ಯಾನರ್ ಹಿಡ್ಕೊಂಡಿದ್ಯಲ್ಲೋ!" ನಾನೂ ನಗುತ್ತಿದ್ದೆ. ಅವರಿಗೆ ಗೊತ್ತಿಲ್ಲದ ಒಂದು ಸುಖ ಆ ಕೆಲಸದಲ್ಲಿತ್ತು. ಸಂಜೆ ಕೈಗೆ ಗ್ರೀಸ್ ಮೆತ್ತಿಕೊಂಡಿದ್ದರೆ ಇವತ್ತು ಏನೋ ಮಾಡಿದೆ ಎಂದು ಅನ್ನಿಸುತ್ತಿತ್ತು.

ನಮ್ಮದು ಸಣ್ಣ ಕಂಪನಿ. ಚೀನಾದ ಒಂದು ಕಾರ್ ಕಂಪನಿಯ ಪುಟ್ಟ ವ್ಯಾನುಗಳನ್ನು ತರಿಸಿ, ಇಲ್ಲಿ ಬ್ಯಾಟರಿ, ಚಕ್ರ, ಸೀಟು ಜೋಡಿಸಿ, ಅಮೆರಿಕದ ನಿಯಮಕ್ಕೆ ಹೊಂದಿಸಿ ಮಾರುವುದು ಅದರ ಲೆಕ್ಕಾಚಾರ. ಆ ಕಾರ್ ಕಂಪನಿಯ ಹೆಸರು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ದೇಶದಲ್ಲಿ ಮಾತ್ರ ತರಕಾರಿ ಮಾರುವವನಿಂದ ಹಿಡಿದು ಶಾಲೆಗೆ ಮಕ್ಕಳನ್ನು ಬಿಡುವ ಅಪ್ಪನವರೆಗೆ ಎಲ್ಲರ ಬಳಿಯೂ ಅದೇ ಗಾಡಿ. ಬೆಳಗ್ಗೆ ಕೋಸು ಹೊತ್ತದ್ದು ಸಂಜೆ ಸಂಸಾರ ಹೊರುತ್ತದೆ. ಬ್ರೆಡ್ಡಿನ ಆಕಾರಕ್ಕಿರುವುದರಿಂದ ಜನ ಅದನ್ನು ಬ್ರೆಡ್ ಗಾಡಿ ಎಂದೇ ಕರೆಯುತ್ತಾರಂತೆ. ಸವಾನ್ನಾ ಬಂದರಿನಿಂದ ಕಂಟೇನರಿನಲ್ಲಿ ಬರುವ ಈ ಬ್ರೆಡ್ಡುಗಳನ್ನು ಪರೀಕ್ಷಿಸುವುದು, ಸರ್ಕಾರಕ್ಕೆ ಕೊಡಬೇಕಾದ ಫಾರ್ಮುಗಳನ್ನು ತುಂಬುವುದು ನನ್ನ ಕೆಲಸ.

ಮೊದಲ ಕಂಟೇನರಿನಲ್ಲೇ ತಲೆನೋವು ಶುರುವಾಯಿತು. ಪಕ್ಕದ ಜಾರುವ ಬಾಗಿಲು ಒಂದೂ ಸರಿಯಾಗಿ ಕೂರಲೊಲ್ಲದು. ಹಡಗಿನಲ್ಲಿ ಅಲ್ಲಾಡಿ ಅದು ಜಾರುವ ಕಂಬಿಗಳು ಸೊಟ್ಟಗಾಗಿದ್ದವು. ನೀರು ಬಿಟ್ಟು ನೋಡಿದರೆ ಒಳಗೆ ಕೆರೆ. ನಾವು ಮೂರು ವಾರ ಒದ್ದಾಡಿ ಕೈಚೆಲ್ಲಿದೆವು. ಆಗ ಚೀನಾದಿಂದ ಗುವೊ ಬಂದರು.

ಐವತ್ತೇಳು ವರ್ಷ, ತೆಳ್ಳಗಿನ ಮೈ, ಯಾವಾಗಲೂ ಇಸ್ತ್ರಿ ಮಾಡಿದ ನೀಲಿ ಅಂಗಿ. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹೆಚ್ಚು ಹತ್ಯಾರ. ಒಂದು ರಬ್ಬರ್ ಸುತ್ತಿಗೆಯನ್ನಂತೂ ಕೂಸಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ತಂದಿದ್ದರು. ಮೂವತ್ತು ವರ್ಷ ಆ ಫ್ಯಾಕ್ಟರಿಯಲ್ಲಿ ಅವರು ಮಾಡಿದ್ದು ಒಂದೇ ಕೆಲಸ, ವ್ಯಾನಿಗೆ ಜಾರುವ ಬಾಗಿಲು ಕೂರಿಸುವುದು. ಕೆಳಗಿನ ಕಂಬಿಯ ಎರಡು ಬೋಲ್ಟು ಸಡಿಲಿಸಿ, ಸುತ್ತಿಗೆಯಿಂದ ಅಲ್ಲೊಂದು ಇಲ್ಲೊಂದು ತಟ್ಟಿ, ಕಣ್ಣು ಮುಚ್ಚಿಕೊಂಡು ಬಾಗಿಲು ಎಳೆಯುತ್ತಿದ್ದರು. ಟಪ್ ಎಂದು ಒಂದೇ ಸದ್ದು ಬರಬೇಕು. ಟಪ್-ಟಪ್ ಎಂದು ಎರಡಾದರೆ ತಲೆ ಅಲ್ಲಾಡಿಸಿ ಮತ್ತೆ ಬಗ್ಗುತ್ತಿದ್ದರು. ಆಮೇಲೆ ಕಾಗದದ ಪರೀಕ್ಷೆ. ಒಂದು ತುಂಡು ಕಾಗದವನ್ನು ರಬ್ಬರ್ ಅಂಚಿಗೆ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯುವುದು. ಕಾಗದ ಸಲೀಸಾಗಿ ಬಂದರೆ ನೀರೂ ಹಾಗೇ ಬರುತ್ತದೆ. ಹರಿಯುವಷ್ಟು ಬಿಗಿಯಾದರೆ ಮುದುಕರಿಗೆ ಬಾಗಿಲು ತೆಗೆಯಲಾಗುವುದಿಲ್ಲ. ಕಾಗದ ಸ್ವಲ್ಪ ಹಟ ಮಾಡಿ ಬರಬೇಕು.

ಅವರಿಗೆ ಇಲ್ಲಿ ಕಾರು ಓಡಿಸಲು ಬರುತ್ತಿರಲಿಲ್ಲ, ಹೋಟೆಲಿನ ಊಟ ಸೇರುತ್ತಿರಲಿಲ್ಲ. ನಮ್ಮ ಮನೆಯ ಬೇಸ್‌ಮೆಂಟ್ ಖಾಲಿ ಇತ್ತು. ಮೂರು ತಿಂಗಳು ತಾನೆ ಎಂದು ನಾನೇ ಕರೆದೆ. ಸುಮಾ ಮೊದಲು, "ರೀ, ನಮ್ಮದು ಸೊಪ್ಪು ಸಾರು. ಅವರು ಅದನ್ನ ತಿಂತಾರಾ?" ಎಂದು ಅನುಮಾನ ಪಟ್ಟಳು. ಅವರು ತಿಂದರು. ಅವರ ಹರಕುಮುರುಕು ಇಂಗ್ಲಿಷು, ನಮ್ಮ ಶೂನ್ಯ ಚೀನೀ ಭಾಷೆ, ನಡುವೆ ಅನುವಾದ ಮಾಡುವ ಫೋನು, ಇಷ್ಟರಲ್ಲೇ ಮಾತುಕತೆ ನಡೆಯುತ್ತಿತ್ತು. ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಶೇಂಗಾ ಹಾಕಿದ ಚಿತ್ರಾನ್ನವೆಂದರೆ ಅವರಿಗೆ ಪ್ರಾಣ. ಊಟದ ಡಬ್ಬಿ ತೆಗೆದುಕೊಂಡು ಹೋದರೆ ತೊಳೆದು, ಒರೆಸಿ, ಎರಡೂ ಕೈಯಲ್ಲಿ ವಾಪಸು ಕೊಡುತ್ತಿದ್ದರು. ಅನು ಅವರನ್ನು ಗುವೊ ತಾತ ಎನ್ನುತ್ತಿದ್ದಳು. ಕಾಗದದ ಪರೀಕ್ಷೆ ಅವಳಿಗೂ ಬಂದು, ನಮ್ಮ ಫ್ರಿಜ್ಜಿನ ಬಾಗಿಲು ಫೇಲ್ ಎಂದು ಘೋಷಿಸಿದಳು. "ಅಪ್ಪಾ, ಇಟ್ಸ್ ಲೀಕಿಂಗ್. ತಾತ ಫಿಕ್ಸ್ ಮಾಡ್ತಾರೆ!" ಅವರು ಫಿಕ್ಸ್ ಮಾಡಿಯೂಬಿಟ್ಟರು.

ಸಂಜೆ ಏಳಕ್ಕೆ ಮಾತ್ರ ಅವರನ್ನು ಯಾರೂ ಮಾತಾಡಿಸುವಂತಿರಲಿಲ್ಲ. ನಮಗೆ ಸಂಜೆ ಏಳು ಎಂದರೆ ಅವರ ಊರಿನಲ್ಲಿ ಬೆಳಗ್ಗೆ ಏಳು. ಹೆಂಡತಿಗೆ ಫೋನ್. ಆಕೆಗೆ ಕಿಡ್ನಿ ಕೆಟ್ಟು ಎರಡು ವರ್ಷವಾಗಿತ್ತು; ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಬ್ಬಳೇ ಮಗಳು ಲಿಂಗ್ ಕರೆದುಕೊಂಡು ಹೋಗಿ ಬರುತ್ತಿದ್ದಳು. ಗುವೊ ನಮ್ಮ ಹಿತ್ತಿಲಿನ ಮೆಟ್ಟಿಲ ಮೇಲೆ ಕೂತು ಫೋನನ್ನು ಆಕಾಶಕ್ಕೆ, ಟೊಮೆಟೊ ಗಿಡಕ್ಕೆ, ಬೇಲಿಯ ಮೇಲಿನ ಅಳಿಲಿಗೆ ತಿರುಗಿಸಿ ತೋರಿಸುತ್ತಿದ್ದರು. ಒಮ್ಮೆ ಸುಮಾಳ ಅಡುಗೆಮನೆಯನ್ನೂ ತೋರಿಸಿದರು. ಆ ಕಡೆಯಿಂದ ಊದಿದ ಮುಖದ ಒಬ್ಬ ಹೆಂಗಸು ಒಗ್ಗರಣೆ ಡಬ್ಬಿಯನ್ನು ಕುತೂಹಲದಿಂದ ನೋಡಿ ನಕ್ಕಳು. ಸುಮಾ ಸಾಸಿವೆ, ಜೀರಿಗೆ ಒಂದೊಂದನ್ನೇ ಎತ್ತಿ ತೋರಿಸಿದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಆದರೂ ಹತ್ತು ನಿಮಿಷ ಹರಟಿದರು.

ಆಕೆಯೂ ಅದೇ ಫ್ಯಾಕ್ಟರಿಯವಳು. ಸೀಟು ಹೊಲಿಯುವ ವಿಭಾಗದಲ್ಲಿದ್ದಳಂತೆ. ಗುವೊ ಒಂದು ಹಳೆಯ ಫೋಟೊ ತೋರಿಸಿದ್ದರು. ನದಿಯ ದಂಡೆಯಲ್ಲಿ ಏಳು ಸೀಟಿನ ಒಂದು ವ್ಯಾನು, ಮುಂದೆ ಎಳೆ ವಯಸ್ಸಿನ ಗಂಡ ಹೆಂಡತಿ, ನಡುವೆ ಜಡೆಯ ಲಿಂಗ್. "ಈ ಬಾಗಿಲು ನಾನು. ಒಳಗಿನ ಸೀಟು ಅವಳು," ಎಂದು ಬೆರಳಿಟ್ಟು ತೋರಿಸಿದರು. ಹೇಳುವಾಗ ಅವರ ಮುಖದಲ್ಲಿದ್ದ ಹೆಮ್ಮೆ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನಾವು ಗಂಡ ಹೆಂಡತಿ ಸೇರಿ ಮಾಡಿದ್ದು ಎಂದು ತೋರಿಸಲು ನಮ್ಮಲ್ಲಿ ಮನೆಸಾಲದ ಕಾಗದ ಬಿಟ್ಟು ಇನ್ನೇನೂ ಇರಲಿಲ್ಲ.

ಮೂರು ತಿಂಗಳು ಮುಗಿಯಿತು. ಗುವೊಗೆ ವಾಪಸು ಹೋಗಲಾಗಲಿಲ್ಲ. ಆಗ ಚೀನಾಕ್ಕೆ ಹೋಗುವ ವಿಮಾನಗಳೇ ಬೆರಳೆಣಿಕೆಯಷ್ಟು. ಹೊರಡುವ ಮುಂಚೆ ಟೆಸ್ಟ್, ಇಳಿದ ಮೇಲೆ ಟೆಸ್ಟ್, ಹೋಟೆಲಿನಲ್ಲಿ ದಿನಗಟ್ಟಲೆ ಒಂಟಿವಾಸ. ವಿಮಾನದಲ್ಲಿ ಐದಾರು ಜನಕ್ಕೆ ಕೊರೋನಾ ಸೋಂಕು ಸಿಕ್ಕಿದರೆ ಮುಂದಿನ ವಿಮಾನವೇ ರದ್ದು. ಜುಲೈ ಟಿಕೆಟ್ ಹೋಯಿತು. ಸೆಪ್ಟೆಂಬರಿನದೂ ಹೋಯಿತು. ಪ್ರತಿ ಸಲ ರದ್ದಾದಾಗಲೂ ಆ ಮನುಷ್ಯ ಸಿಟ್ಟಾಗದೆ, ಏರ್‌ಲೈನಿನ ಮೆಸೇಜನ್ನು ಎರಡು ಸಲ ಓದಿ, ಫೋನನ್ನು ಜೇಬಿಗಿಟ್ಟು ಕೆಲಸಕ್ಕೆ ಬಗ್ಗುತ್ತಿದ್ದರು. ಕೊನೆಗೆ ನವೆಂಬರ್ ಮಧ್ಯದ ಒಂದು ಟಿಕೆಟ್ ಸಿಕ್ಕಿತು. ಅವರ ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದ್ದ ಕ್ಯಾಲೆಂಡರಿನಲ್ಲಿ ಆ ದಿನದ ಸುತ್ತ ಅನು ಕೆಂಪು ಪೆನ್ನಿನಲ್ಲಿ ಹೂವು ಬರೆದಳು. ಅವರು ಬದುಕುತ್ತಿದ್ದದ್ದೇ ಆ ದಿನಕ್ಕಾಗಿ. ಆಕೆ ಇರುವಷ್ಟರಲ್ಲಿ ಊರು ಸೇರಿಕೊಳ್ಳಬೇಕು, ಅಲ್ಲಿಯವರೆಗೆ ದಿನಾ ಏಳು ಗಂಟೆಗೆ ತನ್ನ ದನಿ ಆಕೆಯ ಕಿವಿಗೆ ಬೀಳಬೇಕು, ಇಷ್ಟೇ.

ಅಕ್ಟೋಬರ್ ಕೊನೆಯ ವಾರ. ಲಾರೆನ್ಸ್‌ವಿಲ್‌ನ ಮರಗಳೆಲ್ಲ ಕೆಂಪಾಗಿದ್ದವು, ಗಾಳಿಗೆ ಸಣ್ಣ ಚಳಿ. ನಮ್ಮ ಮೊದಲ ಏಳು ಸೀಟಿನ ಫ್ಯಾಮಿಲಿ ವ್ಯಾನು ಸಿದ್ಧವಾಗಿತ್ತು. ವಯಸ್ಸಾದವರನ್ನು ಆಸ್ಪತ್ರೆಗೆ, ಅಂಗಡಿಗೆ ಕರೆದೊಯ್ಯುವ ಒಂದು ಸಂಸ್ಥೆಯವರು ಮಧ್ಯಾಹ್ನ ಎರಡು ಗಂಟೆಗೆ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಕಂಪನಿ ಉಳಿಯುತ್ತದೆ ಎಂದು ಮ್ಯಾನೇಜರ್ ಹೇಳುತ್ತಲೇ ಇದ್ದರು. ಫೋಟೊ ಹೊರಗೆ ಹೋಗಬಾರದೆಂದು ಬೆಳಗ್ಗೆಯೇ ಎಲ್ಲರ ಫೋನನ್ನೂ ಆಫ್ ಮಾಡಿಸಿ ಒಂದು ಡಬ್ಬಿಗೆ ಹಾಕಿಸಿದ್ದರು. ಫಾರ್ಮುಗಳಿಗಾಗಿ ನನ್ನ ಫೋನು ಮಾತ್ರ ನನ್ನ ಬಳಿ ಇತ್ತು. ಗುವೊ ಆರು ಗಂಟೆಗೇ ನನ್ನ ಜೊತೆ ಬಂದು ಬಾಗಿಲ ಮುಂದೆ ಮಂಡಿಯೂರಿದ್ದರು. ಬೆಳಗಿನ ತಿಂಡಿಯನ್ನೂ ತಿಂದಿರಲಿಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷವಿತ್ತು, ಚೀನಾದಲ್ಲಿ ನಡುರಾತ್ರಿ. ನನ್ನ ಫೋನಿಗೆ ಲಿಂಗ್‌ಳ ಮೆಸೇಜ್ ಬಂತು. ತುರ್ತಿಗೆಂದು ಅವಳ ಬಳಿ ನನ್ನ ನಂಬರ್ ಇತ್ತು, ಅಲ್ಲಿಯವರೆಗೆ ಒಮ್ಮೆಯೂ ಬಳಸಿರಲಿಲ್ಲ. ಅಮ್ಮನಿಗೆ ಸಂಜೆಯಿಂದ ಉಸಿರಾಟ ಕಷ್ಟವಾಗಿದೆ, ಆಸ್ಪತ್ರೆಯಲ್ಲಿದ್ದೇವೆ, ಹೆಚ್ಚು ಹೊತ್ತಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ, ಅಪ್ಪನ ಫೋನ್ ಆಫ್ ಆಗಿದೆ, ದಯವಿಟ್ಟು ಈಗಲೇ ಫೋನ್ ಮಾಡಲು ಹೇಳಿ. ಇಷ್ಟೂ ಸರಳ ಇಂಗ್ಲಿಷಿನಲ್ಲಿತ್ತು. ಅರ್ಥವಾಗಲಿಲ್ಲ ಎನ್ನಲು ನನಗೆ ಯಾವ ನೆಪವೂ ಇಲ್ಲ. ನಾನು "ಓಕೆ, ಹೇಳುತ್ತೇನೆ" ಎಂದು ಉತ್ತರ ಕಳಿಸಿದೆ.

ಎದ್ದು ಗುವೊ ಇದ್ದಲ್ಲಿಗೆ ಹೋದೆ. ಅವರು ಬೆವರು ಒರೆಸಿಕೊಂಡು ನನ್ನನ್ನು ನೋಡಿ ನಕ್ಕು, ಹೊಟ್ಟೆ ತಟ್ಟಿ, "ಇವತ್ತು ನಿಮ್ಮ ಮನೆಯ ಹಳದಿ ಅನ್ನ ಇದೆಯಾ?" ಎಂದರು.

ಅಷ್ಟೇ. ಇದೆ ಎಂದು ತಲೆಯಾಡಿಸಿದೆ. ಪಾರ್ಕಿಂಗ್ ಲಾಟಿಗೆ ಹೋಗಿ ಸುಮಾಗೆ ಫೋನ್ ಮಾಡಿದೆ. ಅವಳು ಅಯ್ಯೋ ದೇವರೇ ಎಂದಳು. ಆಮೇಲೆ, "ಮೊದಲು ಊಟ ಮಾಡಿಸಿ ರೀ. ಬೆಳಗ್ಗೆಯಿಂದ ಏನೂ ತಿಂದಿಲ್ಲ ಅವರು. ಹೇಳಿಬಿಟ್ರೆ ಒಂದು ತುತ್ತೂ ಇಳಿಯಲ್ಲ. ಊಟ ಆದ ತಕ್ಷಣ ಹೇಳಿಬಿಡಿ," ಎಂದಳು. ನಾನು ಹೂಂ ಎಂದೆ. ಅವಳು ಹೇಳದಿದ್ದರೂ ನಾನು ಮಾಡುತ್ತಿದ್ದದ್ದು ಅದನ್ನೇ.

ಯಾಕೆಂದರೆ ನಾನು ಬೆಳೆದದ್ದೇ ಹಾಗೆ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ ಒಂದು ಬೆಳಗ್ಗೆ ಸೋದರಮಾವ ಹಾಸ್ಟೆಲಿಗೆ ಬಂದರು. "ನಿನ್ನ ಅಕ್ಕಂಗೆ ಸ್ವಲ್ಪ ಸೀರಿಯಸ್ ಕಣೋ, ಬಾ ಹೋಗಿ ನೋಡ್ಕೊಂಡು ಬರಾಣ," ಎಂದರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂರಿಸಿ ಎರಡು ಬೆಣ್ಣೆ ದೋಸೆ ತಿನ್ನಿಸಿದರು. ಇನ್ನೊಂದು ಹಾಕಿಸ್ಲಾ ಎಂದು ಕೇಳಿದರು. ನಮ್ಮ ಬೀದಿಯ ತಿರುವಿನಲ್ಲಿ ಮನೆ ಮುಂದೆ ಜನ ನಿಂತಿದ್ದು ಕಂಡಾಗಲೇ ನನಗೆ ಗೊತ್ತಾದದ್ದು. ಕಾಮಾಲೆಯಿಂದ ಅಕ್ಕ ಹಿಂದಿನ ರಾತ್ರಿಯೇ ಹೋಗಿದ್ದಳು. ಆ ದೋಸೆಯ ಕತೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೆ, ಮಾವನ ಪ್ರೀತಿ ಎಂಥದ್ದಿತ್ತು ನೋಡಿ ಎಂದು. ನಮ್ಮಲ್ಲಿ ಕೆಟ್ಟ ಸುದ್ದಿಯನ್ನು ಹಸಿದವನಿಗೆ ಹೇಳುವುದಿಲ್ಲ. ಪ್ರಯಾಣದಲ್ಲಿರುವವನಿಗೆ ಹೇಳುವುದಿಲ್ಲ. ಶುಭಕಾರ್ಯದ ನಡುವೆ ಹೇಳುವುದಿಲ್ಲ. ಅದು ನಮಗೆ ಮನುಷ್ಯತ್ವದ ಮೊದಲ ಪಾಠ.

ಊಟಕ್ಕೆ ಕೂತೆವು. ಗೋದಾಮಿನ ಹಿಂಬಾಗಿಲ ಬಳಿ ಒಂದು ಮಡಚುವ ಮೇಜು ಇತ್ತು. ನಾನು ಗುವೊ ಮುಖ ನೋಡದೆ ಡಬ್ಬಿ ಬಿಚ್ಚಿ ಬಡಿಸಿದೆ. ಅವರು ಅಂದು ಬಹಳ ಮಾತಾಡಿದರು. ವ್ಯಾನಿನ ಸೀಟು ಮಗುಚಿ ನೋಡಿದೆ, ಹೊಲಿಗೆ ನನ್ನ ಹೆಂಡತಿ ಕಲಿಸಿದ ಹುಡುಗಿಯರದ್ದೇ, ಮೂಲೆಯಲ್ಲಿ ದಾರವನ್ನು ಎರಡು ಸಲ ಹಿಂದಕ್ಕೆ ತರುವುದು ಅವಳ ಪದ್ಧತಿ, ಇವತ್ತು ಸಂಜೆ ಫೋನಿನಲ್ಲಿ ಅದನ್ನು ಅವಳಿಗೆ ತೋರಿಸಬೇಕು, ಮ್ಯಾನೇಜರ್ ಒಂದು ಫೋಟೊ ತೆಗೆಯಲು ಬಿಡುತ್ತಾರಾ ಕೇಳಿ. ನಾನು ಕೇಳ್ತೀನಿ ಎಂದೆ. ಫೋನು ನನ್ನ ಪ್ಯಾಂಟಿನ ಜೇಬಿನಲ್ಲಿ ಎರಡು ಸಲ ಗುಂಯ್‌ಗುಟ್ಟಿತು. ನಾನು ತೆಗೆಯಲಿಲ್ಲ. ಇನ್ನು ಐದೇ ನಿಮಿಷ, ಮಜ್ಜಿಗೆ ಕುಡಿದು ಮುಗಿಸಲಿ ಎಂದುಕೊಂಡೆ. ಮಜ್ಜಿಗೆಯಾದ ಮೇಲೆ ಅವರು ಡಬ್ಬಿ ತೊಳೆಯಲು ಎದ್ದರು. ತೊಳೆದುಕೊಂಡು ಬರಲಿ ಎಂದುಕೊಂಡೆ.

ಎರಡೂ ಕೈಯಲ್ಲಿ ಡಬ್ಬಿ ನೀಡಿದಾಗ ಹೇಳಿದೆ. "ಮಿಸ್ಟರ್ ಗುವೊ, ಲಿಂಗ್ ಮೆಸೇಜ್ ಮಾಡಿದ್ದಾಳೆ." ಉಳಿದದ್ದನ್ನು ಓದಲಿ ಎಂದು ಫೋನನ್ನೇ ಅವರ ಕೈಗೆ ಕೊಟ್ಟೆ.

ಅವರು ಓದಿದರು. ಕೆಳಗೆ ನನ್ನ ಓಕೆ ಇತ್ತು, ಅದರ ಕೆಳಗೆ ಲಿಂಗ್‌ಳ ಇನ್ನೆರಡು ಮೆಸೇಜು. ಅಪ್ಪ ಎಲ್ಲಿ ಎಂದು ಒಂದು. ದಯವಿಟ್ಟು ಎಂದು ಮಾತ್ರ ಇನ್ನೊಂದು. ಗುವೊ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದರು, ಮತ್ತೆ ಮೆಸೇಜಿನ ಪಕ್ಕದ ಹೊತ್ತು ನೋಡಿದರು. ಓಡಿಹೋಗಿ ಫೋನುಗಳ ಡಬ್ಬಿಯಿಂದ ತಮ್ಮದನ್ನು ತೆಗೆದರು. ಅದು ಆನ್ ಆಗಲು ತೆಗೆದುಕೊಂಡ ಆ ಅರ್ಧ ನಿಮಿಷ ನನ್ನ ಜೀವಮಾನದಲ್ಲೇ ಉದ್ದವಾದದ್ದು. ಆ ಕಡೆ ಲಿಂಗ್ ಮುಖ ಬಂತು. ಅವಳು ಒಂದೇ ಒಂದು ಮಾತು ಹೇಳಿದಳು. ಭಾಷೆ ಬಾರದ ನನಗೂ ತಿಳಿಯಿತು. ಆರೋ ಏಳೋ ನಿಮಿಷದ ಹಿಂದೆ ಆಗಿಹೋಗಿತ್ತು.

ಗುವೊ ಗಟ್ಟಿಯಾಗಿ ಅಳಲಿಲ್ಲ. ವ್ಯಾನಿನ ಬಾಗಿಲು ಎಳೆದು ಒಳಗೆ ಹತ್ತಿ, ಕೊನೆಯ ಸಾಲಿನ ಸೀಟಿನಲ್ಲಿ ಕೂತರು. ಒಂದು ಕೈ ಸೀಟಿನ ಅಡಿಯ ಹೊಲಿಗೆಯ ಮೇಲಿತ್ತು. ಮ್ಯಾನೇಜರ್ ಬಂದು, ಮನೆಗೆ ಹೋಗಿ, ಇಲ್ಲಿಯದು ನಾವು ನೋಡಿಕೊಳ್ಳುತ್ತೇವೆ ಎಂದರು. ಗುವೊ, "ಮನೆ ದೂರ ಇದೆ," ಎಂದಷ್ಟೇ ಹೇಳಿದರು. ಎರಡು ಗಂಟೆಗೆ ಬರಬೇಕಿದ್ದವರಿಗೆ ಫೋನ್ ಮಾಡಿ ಇನ್ನೊಂದು ದಿನ ಬನ್ನಿ ಎಂದೆವು.

ಮನೆಯಲ್ಲಿ ಅಂದು ಸುಮಾ ತಲೆ ಹಿಡಿದುಕೊಂಡು ಕೂತಳು. "ನಾನೇ ಹೇಳಿದ್ದಲ್ವಾ ರೀ, ನಾನೇ ಊಟ ಮಾಡಿಸಿ ಅಂದಿದ್ದು," ಎಂದು ಅತ್ತಳು. ಇಲ್ಲ, ನಾನು ಕಾಯಬಾರದಿತ್ತು ಎಂದೆ. ತಪ್ಪನ್ನು ತಾನು ಹೊರುತ್ತೇನೆಂದು ಗಂಡ ಹೆಂಡತಿ ಜಗಳ ಆಡಿದ್ದು ಅದೇ ಮೊದಲು. ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅನು ಕೇಳಿದಳು: "ಅಪ್ಪಾ, ನಿಂಗೆ ಗೊತ್ತಿತ್ತಾ? ದೆನ್ ಯಾಕೆ ಹೇಳ್ಲಿಲ್ಲ?" ಅವರಿಗೆ ಹಸಿವಾಗಿತ್ತು ಪುಟ್ಟ ಎಂದೆ. ಅವಳು, "ಬಟ್ ಅವರು ಆಮೇಲೆ ತಿನ್ಬೋದಿತ್ತು," ಎಂದಳು. ಒಂಬತ್ತು ವರ್ಷದ ಮಗುವಿಗೆ ಹೊಳೆದದ್ದು ನಲವತ್ತನಾಲ್ಕರ ನನಗೆ ಹೊಳೆದಿರಲಿಲ್ಲ.

ಮಾವ ನನಗೆ ದೋಸೆ ತಿನ್ನಿಸಿದಾಗ ಅಕ್ಕ ಆಗಲೇ ಹೋಗಿದ್ದಳು. ನಾನು ತಿಂದರೂ ತಿನ್ನದಿದ್ದರೂ ಅವಳಿಗೆ ಏನೂ ಆಗುತ್ತಿರಲಿಲ್ಲ. ಗುವೊ ಹೆಂಡತಿ ಬದುಕಿದ್ದಳು. ಕಾಯುತ್ತಿದ್ದಳು. ಸತ್ತವರ ಸುದ್ದಿ ಹೇಳಲು ನಮ್ಮ ಹಿರಿಯರು ಮಾಡಿಕೊಂಡ ಪದ್ಧತಿಯನ್ನು ನಾನು ಜೀವವಿದ್ದವಳ ಮೇಲೆ ಪ್ರಯೋಗಿಸಿದೆ, ಅದೂ ಪ್ರೀತಿ ಎಂದುಕೊಂಡು. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಅಂದು ಊರಿಗೆ ಹೋಗುವ ಬಸ್ಸಿನಲ್ಲಿ ನಾನು ಕ್ರಿಕೆಟ್ ಸ್ಕೋರ್ ಕೇಳಿ ಪಕ್ಕದವನ ಜೊತೆ ನಕ್ಕಿದ್ದೆ. ಆ ನಗುವಿಗಾಗಿ ಮಾವನ ಮೇಲೆ ನನಗೆ ಕೋಪವಿತ್ತು. ಇಪ್ಪತ್ತು ವರ್ಷ ಅದನ್ನು ಪ್ರೀತಿಯ ಕತೆಯಾಗಿ ಹೇಳುತ್ತಾ ಬಂದಿದ್ದೆ, ಕೋಪವನ್ನು ಯಾರಿಗೂ ಹೇಳಿರಲಿಲ್ಲ. ನನಗೇ ಹೇಳಿಕೊಂಡಿರಲಿಲ್ಲ.

ಮೂರನೆಯ ದಿನ, ನಮಗೆ ಸಂಜೆಯಾದಾಗ, ಅಲ್ಲಿ ಅಂತ್ಯಕ್ರಿಯೆ. ಗುವೊ ಮೇಲೆ ಬಂದು ಊದುಬತ್ತಿ ಇದೆಯಾ ಎಂದು ಸುಮಾಳನ್ನು ಕೇಳಿದರು. ಅವಳು ದೇವರ ಗೂಡಿನಿಂದ ಇಡೀ ಕಟ್ಟನ್ನೇ ತಂದುಕೊಟ್ಟಳು. ಹಿತ್ತಿಲಿನ ಮೆಟ್ಟಿಲ ಮೇಲೆ ಫೋನನ್ನು ನಿಲ್ಲಿಸಿ, ಹುಲ್ಲಿನಲ್ಲಿ ಮೂರು ಕಡ್ಡಿ ನೆಟ್ಟು ಹಚ್ಚಿ, ಫೋನಿನ ಆ ಪುಟ್ಟ ಪರದೆಗೆ ಮೂರು ಸಲ ಬಗ್ಗಿ ನಮಸ್ಕಾರ ಮಾಡಿದರು. ನಡುವೆ ಒಮ್ಮೆ ನೆಟ್‌ವರ್ಕ್ ಹೋಯಿತು. ಅವರು ಬಗ್ಗಿದವರು ಹಾಗೆಯೇ ಬಗ್ಗಿಕೊಂಡೇ ಕಾದರು. ನಾವು ಮೂವರೂ ಕಿಟಕಿಯ ಹಿಂದೆ ನಿಂತಿದ್ದೆವು. ಹೊರಗೆ ಹೋಗಿ ಪಕ್ಕದಲ್ಲಿ ನಿಲ್ಲುವ ಮುಖ ನನಗಿರಲಿಲ್ಲ.

ಮುಂದಿನ ವಾರ ಅವರು ಹೆದ್ದಾರಿ ಪಕ್ಕದ ಒಂದು ಮೋಟೆಲಿಗೆ ಹೋದರು. ಬೇಸ್‌ಮೆಂಟನ್ನು ಕನ್ನಡಿಯ ಹಾಗೆ ಒರೆಸಿಟ್ಟಿದ್ದರು. ನವೆಂಬರಿನ ಟಿಕೆಟ್ಟನ್ನು ತಾವೇ ರದ್ದು ಮಾಡಿ, ಉಳಿದ ಹನ್ನೊಂದು ವ್ಯಾನಿನ ಬಾಗಿಲು ಮುಗಿಸಿಯೇ ಹೋಗುತ್ತೇನೆ ಎಂದರು. ಓಡಿಹೋಗುವ ಅವಸರ ಇನ್ನು ಯಾರಿಗಾಗಿ? ನನ್ನ ಜೊತೆ ಮೊದಲಿನ ಹಾಗೇ ಕೆಲಸ ಮಾಡಿದರು, ಸುತ್ತಿಗೆ ಹಿಡಿಯುವುದನ್ನು ನನಗೆ ಕಲಿಸಿದರು, ನಾನು ಮಾಡಿದ ಬಾಗಿಲಿಗೆ ಒಮ್ಮೆ ಹೆಬ್ಬೆರಳನ್ನೂ ಎತ್ತಿದರು. ಊಟದ ಹೊತ್ತಿಗೆ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದರು. ಸುಮಾ ಎರಡು ಸಲ ಚಿತ್ರಾನ್ನ ಕಳಿಸಿದಳು. ಎರಡು ಸಲವೂ ಅವರು ಕೈಮುಗಿದು ಬೇಡವೆಂದರು. ಮೂರನೆಯ ಸಲ ಅವಳು ಕಳಿಸಲಿಲ್ಲ. ಆ ಡಬ್ಬಿಯನ್ನೂ ಅವಳು ಮತ್ತೆ ಬಳಸಲಿಲ್ಲ.

ಜನವರಿಯಲ್ಲಿ ಚೀನಾದ ಬಾಗಿಲು ತೆರೆಯಿತು. ಟೆಸ್ಟಿನ ಕಾಟ, ಹೋಟೆಲಿನ ಒಂಟಿವಾಸ ಎಲ್ಲ ಸಡಿಲವಾಯಿತು. ಮೂರು ತಿಂಗಳು ಮೊದಲು ಆಗಿದ್ದರೆ ಎಂದು ನಾವೆಲ್ಲ ಅಂದುಕೊಂಡೆವು, ಗುವೊ ಎದುರಿಗೆ ಯಾರೂ ಹೇಳಲಿಲ್ಲ. ಅಟ್ಲಾಂಟಾ ಏರ್‌ಪೋರ್ಟಿಗೆ ನಾನೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಸಣ್ಣ ಮಳೆ. ಸೆಕ್ಯುರಿಟಿಯ ಸಾಲಿನ ಮುಂದೆ ನಿಂತಾಗ, ಎರಡೂವರೆ ತಿಂಗಳಿಂದ ಹೇಳದೆ ಇಟ್ಟುಕೊಂಡಿದ್ದನ್ನು ಕೊನೆಗೂ ಹೇಳಿದೆ. ನಾನು ತಪ್ಪು ಮಾಡಿದೆ, ಮೆಸೇಜ್ ಬಂದ ತಕ್ಷಣ ಹೇಳಬೇಕಿತ್ತು, ನಮ್ಮ ಕಡೆ ಹೀಗೆ ಒಂದು ಪದ್ಧತಿ ಇದೆ, ನಿಮಗೆ ಹಸಿವಾಗಿತ್ತು, ನನ್ನನ್ನು ಕ್ಷಮಿಸಿ ಎಂದೆ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ.

ಗುವೊ ಸೂಟ್‌ಕೇಸನ್ನು ಕೆಳಗಿಟ್ಟರು. ಫೋನು ತೆಗೆದು ಅದಕ್ಕೆ ಬಹಳ ಹೊತ್ತು ಚೀನೀ ಭಾಷೆಯಲ್ಲಿ ಹೇಳಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: ನಮ್ಮಲ್ಲೂ ಈ ಪದ್ಧತಿ ಇದೆ. ನಿಮ್ಮ ಮೇಲೆ ನನಗೆ ಕೋಪವಿಲ್ಲ. ನೀವು ಓಕೆ ಅಂದಿದ್ದಕ್ಕೆ ಲಿಂಗ್ ತನ್ನ ಅಮ್ಮನ ಕಿವಿಯ ಹತ್ತಿರ ಫೋನು ಇಟ್ಟುಕೊಂಡು, ಅಪ್ಪ ಈಗ ಮಾತಾಡ್ತಾರೆ, ಈಗ ಮಾತಾಡ್ತಾರೆ ಎಂದು ಹೇಳುತ್ತಲೇ ಇದ್ದಳಂತೆ. ನನ್ನ ಹೆಂಡತಿ ಕಣ್ಣು ಮುಚ್ಚದೆ ಕಾದಳಂತೆ.

ನಾನು ಓದಿ ತಲೆಯೆತ್ತಿದೆ. ಅವರು ಫೋನನ್ನು ಜೇಬಿಗಿಟ್ಟು, ಈ ಸಲ ತಮ್ಮ ಇಂಗ್ಲಿಷಿನಲ್ಲೇ, ಒಂದೊಂದೇ ಪದ ಹುಡುಕಿ ಹೇಳಿದರು.

"ಅವತ್ತು ಊಟ ತುಂಬಾ ಚೆನ್ನಾಗಿತ್ತು. ಇನ್ನೊಂದು ಸಲ ಕೇಳಿ ಹಾಕಿಸಿಕೊಂಡೆ. ತಿನ್ನುವಾಗ ನಾನು ಖುಷಿಯಾಗಿದ್ದೆ. ಅಲ್ಲಿ ಅವಳು ಕಾಯ್ತಾ ಇದ್ದಳು, ಇಲ್ಲಿ ನಾನು ಖುಷಿಯಾಗಿ ತಿಂತಾ ಇದ್ದೆ. ಅದನ್ನ ನಾನು ಎಲ್ಲಿ ಇಡಲಿ, ಮಿಸ್ಟರ್ ಶ್ರೀ?"

ಹಿಂದೆ ನಿಂತಿದ್ದವರು ಸಾಲು ಮುಂದೆ ಹೋಗಿದೆ ಎಂದರು. ಅವರು ಸೂಟ್‌ಕೇಸ್ ಎತ್ತಿಕೊಂಡು ಮುಂದೆ ನಡೆದರು.